ನಾಯಿಯ ಬಾಯಿ ತೆರೆದು ನೋಡುತ್ತಿದ್ದ ಡಾಕ್ಟರು

ಯಾರೋ ಸತ್ತ ಸುದ್ದಿಯನ್ನು ಫೋನಿನಲ್ಲಿ ಓದಿ, ಮತ್ತೆ ಸುಮ್ಮನೆ ತೊಗರಿಬೇಳೆಯ ಕಲ್ಲು ಆರಿಸುತ್ತ ಕೂತದ್ದು ನಿಮಗೆ ಎಂದಾದರೂ ಆಗಿದೆಯಾ? ಅಳು ಬರಲಿಲ್ಲ, ಎದೆ ಧಸಕ್ಕೆನ್ನಲಿಲ್ಲ, ಪಕ್ಕದಲ್ಲಿದ್ದವರಿಗೆ ಹೇಳಬೇಕು ಅಂತಲೂ ಅನ್ನಿಸಲಿಲ್ಲ. ಸತ್ತವರು ಯಾರೋ ದೂರದವರಾಗಿದ್ದರೆ ಬೇರೆ ಮಾತು. ಆದರೆ ಆ ಮನುಷ್ಯ ಇಲ್ಲದಿದ್ದರೆ ನಿಮ್ಮ ಅಪ್ಪ ಒಂದು ಬೇಸಿಗೆ ದಾಟುತ್ತಲೇ ಇರಲಿಲ್ಲ, ಅಂಥವರಾಗಿದ್ದರೆ?

ನನಗೆ ಹೋದ ವಾರ ಹೀಗಾಯಿತು. ಬೇಳೆ ಆರಿಸಿ ಮುಗಿಸಿದೆ, ಕುಕ್ಕರ್ ಇಟ್ಟೆ, ಊಟ ಮಾಡಿದೆ. ಇವತ್ತಿಗೂ ಅಳು ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಶುರುವಿನಲ್ಲಿ ಶಹಾಬಾದದ ಸರಕಾರಿ ದನದ ದವಾಖಾನೆಗೆ ಡಾಕ್ಟರಾಗಿ ಬಂದವರು ಅವರು. ಊರು ಚಿಂಚೋಳಿ ಕಡೆ. ಹೆಸರು ಹಾಕುವುದಿಲ್ಲ. ಮಕ್ಕಳಿದ್ದಾರೆ, ಅವರಿಗೆ ಇಷ್ಟವಾಗುತ್ತದೋ ಇಲ್ಲವೋ. ನಾವು ಅವರ ಕ್ವಾರ್ಟರ್ಸಿನ ಹಿಂದಿನ ಓಣಿಯವರು. ನಮ್ಮಪ್ಪ ಶರಣಪ್ಪ, ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುವವನು. ನಾನು ಆಗ ಹೈಸ್ಕೂಲಿನಲ್ಲಿದ್ದೆ.

ಡಾಕ್ಟರ್ ಸಾಹೇಬರನ್ನು ಮೊದಲ ಸಲ ನೋಡಿದವರು ನಗುತ್ತಿದ್ದರು. ಉದ್ದಕ್ಕೆ ಬಿದಿರಿನ ಹಾಗೆ ಒಬ್ಬ ಮನುಷ್ಯ, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಬೆರಳುದ್ದದ ಟಾರ್ಚು. ಎಲೆ ಅಡಿಕೆ ತಿಂದು ತಿಂದು ಅವರ ಹಲ್ಲು ಕೆಂಪುಗಲ್ಲಿನ ಬಣ್ಣಕ್ಕೆ ಬಂದಿದ್ದವು, ಮೇಲಿನ ಸಾಲಿನಲ್ಲಿ ಒಂದು ಇರಲೇ ಇಲ್ಲ. ಅಂಥ ಬಾಯಿಟ್ಟುಕೊಂಡು ಊರಿನ ನಾಯಿ ಬೆಕ್ಕುಗಳ ಹಲ್ಲಿನ ಬಗ್ಗೆ ಭಾಷಣ ಮಾಡುತ್ತಿದ್ದರು.

"ಸಾಹೇಬ್ರ, ಮೊದ್ಲು ನಿಮ್ ಹಲ್ಲು ತಿಕ್ಕೊಳ್ರಿ, ಆಮ್ಯಾಲ ನಾಯೀದು ನೋಡೀರಂತ" ಎಂದು ಚಹಾದಂಗಡಿಯಲ್ಲಿ ಯಾರಾದರೂ ಕೆಣಕಿದರೆ ಸಿಟ್ಟಾಗುತ್ತಿರಲಿಲ್ಲ.

"ನನ್ ಹಲ್ಲು ನೂಸ್ತಂದ್ರ ನಾ ಬಾಯಿಬಿಟ್ಟು ಹೇಳ್ತೀನಿ. ಅದಕ್ ಬಾಯಿ ಅದ, ಹೇಳ್ಲಿಕ್ಕ ಬರಂಗಿಲ್ಲ. ನಿಂಗ್ ಕಣ್ಣವ, ನೋಡ್ಲಿಕ್ಕ ಬರಂಗಿಲ್ಲ" ಎನ್ನುತ್ತಿದ್ದರು.

ನಮ್ಮ ಕಡೆಯವರಿಗೆ ಹಲ್ಲು ನೋಡುವುದು ಹೊಸದಲ್ಲ. ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ನೋಡದೆ ಯಾರೂ ವ್ಯಾಪಾರ ಮುಗಿಸುವುದಿಲ್ಲ. ಎರಡು ಹಲ್ಲು, ನಾಲ್ಕು ಹಲ್ಲು, ಎಲ್ಲ ಹಲ್ಲು ಬಂದು ಬಾಯಿಗೂಡಿದ ಎತ್ತು ಅಂತ ಚಿಕ್ಕ ಹುಡುಗರೂ ಹೇಳುತ್ತಾರೆ. ನಾಯಿಯ ಬಾಯಿಗೆ ಮಾತ್ರ ಯಾರೂ ಹೋಗುತ್ತಿರಲಿಲ್ಲ. ಇವರು ಹೋದರು. ದವಾಖಾನೆಗೆ ನಾಯಿ ಬಂದರೆ, ಕಾಲು ಮುರಿದಿರಲಿ, ಕಜ್ಜಿಯಾಗಿರಲಿ, ಮೊದಲು ಹೆಬ್ಬೆರಳಿನಿಂದ ಪಕ್ಕದ ತುಟಿ ಎತ್ತುತ್ತಿದ್ದರು. ಬಾಯಿ ಅಗಲಿಸುತ್ತಿರಲಿಲ್ಲ, ಪರದೆ ಸರಿಸಿದ ಹಾಗೆ ತುಟಿ ಅಷ್ಟೇ. "ಬಾಯಿ ಬಿಡಿಸಿದ್ರ ಅದಕ್ ಸಿಟ್ಟು ಬರ್ತದ. ತುಟಿ ಎತ್ತಿದ್ರ ಅರ್ಧ ರೋಗ ಅಲ್ಲೇ ಕಾಣ್ತದ."

ನಾಯಿಗೆ ನಲವತ್ತೆರಡು ಹಲ್ಲು, ಬೆಕ್ಕಿಗೆ ಮೂವತ್ತು ಅಂತ ನನಗೆ ಗೊತ್ತಾದದ್ದು ಅವರಿಂದಲೇ. ಬೆಕ್ಕಿನ ಹಿಂದಿನ ಹಲ್ಲುಗಳು ನಮ್ಮ ದವಡೆ ಹಲ್ಲಿನ ಹಾಗೆ ಅರೆಯುವುದಿಲ್ಲ, ಕತ್ತರಿಯ ಹಾಗೆ ಒಂದರ ಪಕ್ಕ ಒಂದು ಸರಿದು ಕೊಯ್ಯುತ್ತವೆ ಅಂತ ಎರಡು ಕೈಯ ಬೆರಳು ಆಡಿಸಿ ತೋರಿಸಿದ್ದರು.

ನಮ್ಮ ಎದುರುಮನೆಯ ಖಾಜಾಬಿ ಖಾಲಾಳ ಬೆಕ್ಕು ಒಮ್ಮೆ ಊಟ ಬಿಟ್ಟಿತು. ಹಸಿವೆಯಿತ್ತು. ತಟ್ಟೆಯ ತನಕ ಓಡಿ ಬರುತ್ತಿತ್ತು, ಒಂದು ತುಣುಕು ಬಾಯಿಗೆ ಹಾಕಿ ಕಿರುಚಿ ಹಿಂದಕ್ಕೆ ಹಾರುತ್ತಿತ್ತು. ತಟ್ಟೆಯಲ್ಲೇ ಏನೋ ಕೂತಿದೆ ಅನ್ನುವ ಹಾಗೆ. ಖಾಲಾ ನದರು ತಗಲಿದೆ ಎಂದು ಅದರ ಕೊರಳಿಗೆ ತಾಯಿತ ಕಟ್ಟಿದಳು, ತಟ್ಟೆ ಬದಲಿಸಿದಳು, ಜಾಗ ಬದಲಿಸಿದಳು. ಸಾಹೇಬರು ತುಟಿ ಎತ್ತಿದರು. ಒಸಡು ಕೆಂಡದ ಹಾಗಿತ್ತು, ಗಂಟಲಿನ ತನಕ.

"ಇದಕ್ ಹಿಂದಿನ ಹಲ್ಲೆಲ್ಲ ತಗೀಬೇಕು, ಖಾಲಾ."

"ಯಾ ಅಲ್ಲಾ! ಹಲ್ಲು ತಗದ್ರ ಇದು ಏನು ತಿಂತದ್ರಿ?"

"ಈಗೇನು ತಿನ್ಲಿಕತ್ತದ?"

ಖಾಲಾ ಹಲ್ಲು ತೆಗೆಸಿದಳು. ಗಾಯ ಮಾಯ್ದ ಮೇಲೆ ಆ ಬೆಕ್ಕು ಖೀಮಾ ತಿಂದು ತಿಂದು ದಪ್ಪಗಾಯಿತು. "ಹಲ್ಲು ಹೋದ ಮ್ಯಾಲ ಇದಕ್ ಸೊಕ್ಕು ಬಂದದ್ರಿ" ಎಂದು ಖಾಲಾ ಬಂದವರಿಗೆಲ್ಲ ಅದನ್ನು ಎತ್ತಿ ತೋರಿಸುತ್ತಿದ್ದಳು.

ಇನ್ನೊಂದು, ಮಳಖೇಡ ಕಡೆಯ ಕುರಿಗಾರನೊಬ್ಬನ ನಾಯಿ. ಕಣ್ಣಿನ ಕೆಳಗೆ ಬಾವು, ಅದು ಒಡೆದು ಕೀವು, ಒಣಗಿತು ಅನ್ನುವಷ್ಟರಲ್ಲಿ ಮತ್ತೆ ಬಾವು. ತೋಳ ಗೀರಿದ್ದು ಅಂದುಕೊಂಡು ಅವನು ಕಬ್ಬಿಣ ಕಾಸಿ ಅಲ್ಲೇ ಬರೆ ಹಾಕಿದ್ದ, ಒಂದಲ್ಲ ಎರಡು ಸಲ. ಸಾಹೇಬರು ಕಣ್ಣು ನೋಡಲೇ ಇಲ್ಲ. ತುಟಿ ಎತ್ತಿ ಮೇಲಿನ ದೊಡ್ಡ ಹಲ್ಲು ತೋರಿಸಿದರು. ಸೀಳಿತ್ತು. ಅದರ ಬೇರು ಕಣ್ಣಿನ ಕೆಳಗಿನ ತನಕ ಹೋಗಿರುತ್ತದೆ, ಕೀವು ದಾರಿ ಮಾಡಿಕೊಂಡು ಅಲ್ಲಿ ಹೊರಗೆ ಬರುತ್ತದೆ. ಸೂಜಿ ಕೊಟ್ಟು ಮಲಗಿಸಿ ಹಲ್ಲು ಕಿತ್ತರು. ಮೂರು ಬೇರಿನ ಹಲ್ಲು. ಕುರಿಗಾರ ಅದನ್ನು ಅಂಗೈ ಮೇಲಿಟ್ಟುಕೊಂಡು ಭಾಳ ಹೊತ್ತು ಕೂತಿದ್ದ.

"ಬರೆ ಹಾಕಿದ್ದು ಸುಮ್ಮನೇ ಆಯ್ತಲ್ರಿ" ಅಂದ.

"ಸುಮ್ಮನೇ ಅಲ್ಲ. ನೋವು ಒಂದಿತ್ತು, ನೀ ಎರಡು ಮಾಡ್ದಿ."

ಹೀಗೇ ಮಾತಾಡುತ್ತಿದ್ದರು. ಬೆಣ್ಣೆ ಹಚ್ಚುವುದು ಗೊತ್ತೇ ಇರಲಿಲ್ಲ. ನಮ್ಮೂರಿನ ನಾಯಿಗಳು ಕಲ್ಲು ಕಡಿದು ಕಡಿದು ಹಲ್ಲು ಸವೆಸಿಕೊಳ್ಳುತ್ತವೆ, ಆಟಕ್ಕೆ ಕಲ್ಲು ಎಸೆಯಬೇಡಿ ಎಂದು ಖಣಿಯವರಿಗೆ ಬೈಯುತ್ತಿದ್ದರು. ಬೇಯಿಸಿದ ಎಲುಬು ಹಾಕಬೇಡಿ ಎಂದು ಖಾನಾವಳಿಯವರಿಗೆ ಬೈಯುತ್ತಿದ್ದರು. ಹಸೀ ಬಟ್ಟೆ ಬೆರಳಿಗೆ ಸುತ್ತಿ ದಿನಾ ನಾಯಿಯ ಹಲ್ಲು ಒರೆಸು ಎಂದು ನಮ್ಮಪ್ಪನಿಗೆ ಹೇಳಿಕೊಟ್ಟಿದ್ದರು. ಪೇಸ್ಟ್ ಹಚ್ಚಬೇಡ, ಅದಕ್ಕೆ ಉಗುಳಲು ಬರುವುದಿಲ್ಲ, ನುಂಗುತ್ತದೆ ಅಂತಲೂ. ನಮ್ಮಪ್ಪ ಒರೆಸುತ್ತಿದ್ದ. ಹೆಂಡತಿ ಮಕ್ಕಳ ಮುಖ ಸರಿಯಾಗಿ ನೋಡದ ಮನುಷ್ಯ ನಮ್ಮ ನಾಯಿ ಮೋತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲು ಒರೆಸುತ್ತಿದ್ದ. ಅವ್ವ ಒಳಗಿನಿಂದಲೇ, "ನಂದೂ ಒಂದೆರಡು ಹಲ್ಲು ನೂಸ್ಲಿಕತ್ತಾವ್ರಿ, ಬಟ್ಟಿ ತರ್ಲೇನು?" ಎಂದು ಕೂಗುತ್ತಿದ್ದಳು.

ಈಗ ಒಂದು ಎಲುಬಿನ ಕತೆ ಹೇಳಬೇಕು. ಮುಂದಿನದೆಲ್ಲ ಆದದ್ದು ಅದರಿಂದ.

ಕಟುಕರ ಓಣಿಯಲ್ಲಿ ಒಂದು ಕೆಂಪು ನಾಯಿ ಬಾಯಿ ತೆರೆದುಕೊಂಡು ಜೊಲ್ಲು ಸುರಿಸುತ್ತ ಓಡಾಡಿತು. ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ಹುಚ್ಚು. ಜನ ಬಡಿಗೆ ತೆಗೆದುಕೊಂಡು ಗೋಡೆಗೆ ಒತ್ತಿ ನಿಲ್ಲಿಸಿದರು. ಸಾಹೇಬರು ಸೈಕಲ್ಲಿನಲ್ಲಿ ಬಂದರು. "ನಿಲ್ರಿ. ಬಾಯಾಗ ಏನದ ನೋಡ್ದೇ ಹುಚ್ಚು ಅನ್ನಬ್ಯಾಡ್ರಿ" ಅಂದರು. ಆಮೇಲೆ ಗೋಣಿಚೀಲ ಹೊದೆಸಿ ಹಿಡಿಸಿ, ದವಡೆಗಳ ನಡುವೆ ಒಂದು ಕಟ್ಟಿಗೆ ತುಂಡು ಕೊಟ್ಟು, ಒಳಗೆ ಬೆರಳು ಹಾಕಿದರು. ಅಂಗುಳಕ್ಕೆ ಅಡ್ಡ, ಈ ಕಡೆಯ ಹಲ್ಲಿನಿಂದ ಆ ಕಡೆಯ ಹಲ್ಲಿಗೆ ತೊಲೆಯ ಹಾಗೆ ಸಿಕ್ಕಿಕೊಂಡಿದ್ದ ಒಂದು ಎಲುಬಿನ ಚೂರನ್ನು ಎಳೆದು ತೆಗೆದು ಎಲ್ಲರಿಗೂ ತೋರಿಸಿದರು. ನಾಯಿ ಓಡಿಹೋಯಿತು. ಜನ ಚಪ್ಪಾಳೆ ಹೊಡೆದರು. ವಾಡಿಯ ತನಕ, ಚಿತ್ತಾಪುರದ ತನಕ ಸುದ್ದಿ ಹೋಯಿತು.

ನಾನು ಅಲ್ಲಿದ್ದೆ. ಅವರು ಕೈ ಹಾಕುವ ಮೊದಲು ಭಾಳ ಹೊತ್ತು ಸುಮ್ಮನೆ ನಿಂತು ಆ ನಾಯಿಯನ್ನು ನೋಡಿದರು. ಅದು ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿದೆಯೋ, ಜೋರಾಗಿ ಬೊಗಳಲು ನೋಡುತ್ತಿದೆಯೋ, ಕಣ್ಣು ಯಾರ ಮೇಲಿದೆ, ಎಲ್ಲ ನೋಡಿದರು. ಆ ನಿಂತದ್ದನ್ನು ಊರು ಮರೆಯಿತು. ಕೈ ಹಾಕಿದ್ದನ್ನು ಮಾತ್ರ ನೆನಪಿಟ್ಟುಕೊಂಡಿತು.

ಮುಂದಿನ ಬೇಸಿಗೆಯಲ್ಲಿ ನಮ್ಮ ಮೋತಿ ಎರಡು ದಿನ ಮೂಲೆ ಹಿಡಿದು ಮಲಗಿತು. ಮೂರನೆಯ ದಿನ ಅದರ ಕೆಳದವಡೆ ಜೋತುಬಿತ್ತು. ಎಳೆ ಎಳೆಯಾಗಿ ಜೊಲ್ಲು. ಬೊಗಳಲು ಹೋದರೆ ಬೇರೆ ಯಾವುದೋ ಪ್ರಾಣಿಯ ಧ್ವನಿ. ನಮ್ಮಪ್ಪ ಖಣಿಯಿಂದ ಬಂದು ನೋಡಿ, "ಎಲುಬು ಸಿಕ್ಕದ ನೋಡ, ಗಂಟಲಾಗ" ಅಂದ. ನಗುತ್ತಲೇ ಅಂದ. ಡಾಕ್ಟರ್ ಸಾಹೇಬರು ಮಾಡಿದ ಹಾಗೆಯೇ ಕಟ್ಟಿಗೆ ತುಂಡು ತಂದು ದವಡೆಗೆ ಕೊಟ್ಟ. ಮೋತಿ ಪ್ರತಿಭಟಿಸಲೇ ಇಲ್ಲ. ಅಪ್ಪ ಮೊಣಕೈ ತನಕ ಜೊಲ್ಲು ಮಾಡಿಕೊಂಡು ಒಳಗೆಲ್ಲ ಹುಡುಕಿದ. ಕಲ್ಲಿನ ಕೆಲಸದವನ ಕೈ, ಬೆರಳ ತುಂಬ ಸೀಳು. ಎಲುಬು ಸಿಗಲಿಲ್ಲ.

ಅವ್ವನಿಗೆ ಸಂಶಯ ಬಂತು. ನನ್ನನ್ನು ಕ್ವಾರ್ಟರ್ಸಿಗೆ ಓಡಿಸಿದಳು.

ಸಾಹೇಬರು ಬಂದಾಗ ಅಪ್ಪ ಮುಂದಿನ ಬಾಗಿಲಲ್ಲಿ ಓಣಿಯವರ ಜೊತೆ ಮಾತಾಡುತ್ತಿದ್ದ. ಅವರು ನನ್ನ ಜೊತೆ ನೇರ ಹಿತ್ತಲಿಗೆ ಬಂದರು. ಮೋತಿಯನ್ನು ಬೇವಿನ ಗಿಡಕ್ಕೆ ಕಟ್ಟಿದ್ದೆವು. ಅವರು ನಾಲ್ಕು ಮಾರು ದೂರದಲ್ಲೇ ನಿಂತರು. ನಿಂತೇ ಇದ್ದರು. ತುಟಿ ಎತ್ತಲಿಲ್ಲ. ಮುಟ್ಟಲಿಲ್ಲ. ಜೇಬಿನಿಂದ ಟಾರ್ಚು ಕೂಡ ತೆಗೆಯಲಿಲ್ಲ.

"ತಂಗಿ, ಇದರ ಬಾಯಾಗ ಯಾರರ ಕೈ ಹಾಕ್ಯಾರೇನು?"

"ಅಪ್ಪ ಹಾಕ್ಯಾನ್ರಿ. ಎಲುಬು ಹುಡುಕ್ಲಿಕ್ಕ. ನಿಮ್ಮಂಗ."

ಅವರ ಮುಖ ಹೇಗಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ. ಏನೂ ಆಗಲಿಲ್ಲ. ಬಾಯಲ್ಲಿದ್ದ ಎಲೆಯನ್ನು ಉಗುಳಿದರು, ಅಷ್ಟೇ. ನೀನು, ನಿಮ್ಮವ್ವ ಜೊಲ್ಲು ಮುಟ್ಟಿದ್ದೀರಾ ಎಂದು ಕೇಳಿದರು. ಇಲ್ಲ ಅಂದೆ.

ಒಳಗೆ ಬಂದು ಅಪ್ಪನ ಕೈಯನ್ನು ಸಾಬೂನಿನಿಂದ ತಾವೇ ತಿಕ್ಕಿ ತಿಕ್ಕಿ ತೊಳೆಸಿದರು. ಇದು ಹುಚ್ಚೇ, ಒಂದು ನಮೂನೆ ಹುಚ್ಚಿನಲ್ಲಿ ನಾಯಿ ಓಡಾಡಿ ಕಚ್ಚುವುದಿಲ್ಲ, ದವಡೆ ಸತ್ತು ಜೋಲುತ್ತದೆ, ನೋಡಿದವರಿಗೆ ಎಲುಬು ಸಿಕ್ಕ ಹಾಗೇ ಕಾಣುತ್ತದೆ ಎಂದರು. ನಾಳೆ ಬೆಳಗಿನ ಗಾಡಿಗೆ ಕಲಬುರ್ಗಿಯ ದೊಡ್ಡ ದವಾಖಾನೆಗೆ ಹೋಗಬೇಕು, ಹೊಟ್ಟೆಗೆ ಸೂಜಿ.

"ಕಚ್ಚಿಲ್ಲಲ್ರಿ ಸಾಹೇಬ್ರ. ಸೂಜಿ ಯಾಕ?"

"ಜೊಲ್ಲಿನಾಗ ಅದ ಶರಣಪ್ಪ. ನಿನ್ ಬೆರಳು ಸೀಳ್ಯಾವ. ಕಚ್ಚಬೇಕಂತಿಲ್ಲ."

"ನಮ್ ಖಣಿಯಾಗ ಒಬ್ಬ ಆ ಸೂಜಿ ತಗೊಂಡು ಹೊಟ್ಟಿ ಮಡಕಿಯಂಗ ಬಾತ್ಕೊಂಡು ಬಂದ. ನಾ ಒಲ್ಲೆ. ಎಲಿ ಔಷಧ ಕೊಡವ್ರು ಹಳ್ಯಾಗ ಇದ್ದಾರ, ಕುಡ್ದು ಬರ್ತೀನಿ."

"ಎಲಿ ಔಷಧ ಕುಡ್ದು ಸತ್ತವ್ರು ಬಂದು ಹೇಳಂಗಿಲ್ಲ. ಅದಕ್ಕ ಔಷಧ ಕೊಡವ್ರಿಗೆ ಹೆಸರದ."

ಅಪ್ಪ ಹಟಮಾರಿ. ಕುಂತಲ್ಲಿಂದ ಏಳಲಿಲ್ಲ. ಅವ್ವ ಅತ್ತಳು, ಓಣಿಯವರು ಹೇಳಿದರು, ಖಾಲಾ ಬಂದು ಕೈಮುಗಿದಳು. "ನೀವು ಹೇಳೋದು ಸಸಾರ, ಸೂಜಿ ನಿಮ್ ಹೊಟ್ಟಿಗಿ ಇಲ್ಲಲ್ಲ" ಅಂದ ಅಪ್ಪ.

ಸಾಹೇಬರು ತಮ್ಮ ಬಲಗೈ ಮುಂದೆ ಚಾಚಿದರು.

"ನನ್ ಹೊಟ್ಟಿಗೂ ಅದ. ಈಗ ಹಿತ್ತಲದಾಗ ನಾನೂ ಕೈ ಹಾಕ್ದೆ. ಹಾಕಿದ್ ಮ್ಯಾಲ ತಿಳೀತು. ನನಗೂ ಉಗುರಿನ ಬಾಜೂಕ ಗಾಯ ಅದ, ನೋಡು. ಬೇಕಾದ್ರ ನಿನ್ ಮಗಳಿಗ ಕೇಳು, ಅಲ್ಲೇ ಇದ್ದಳು."

ಅಪ್ಪ ನನ್ನ ಕಡೆ ತಿರುಗಿದ. "ಹೌದೇನಬೇ?"

ಸಾಹೇಬರು ನನ್ನನ್ನು ನೋಡಲಿಲ್ಲ. ತಮ್ಮ ಕೈಯನ್ನೇ ನೋಡುತ್ತಿದ್ದರು.

"ಹ್ಞೂಂ ಅಪ್ಪ" ಅಂದೆ.

"ನೋಡಪಾ" ಎಂದರು ಸಾಹೇಬರು, "ನನಗೂ ಒಬ್ಬನೇ ಹೋಗ್ಲಿಕ್ಕ ಹೆದರಿಕಿ ಅದ. ನೀ ಬಂದ್ರ ನಾನೂ ಹೋಗ್ತೀನಿ. ನೀ ಒಲ್ಲೆಂದ್ರ ನಾನೂ ಒಲ್ಲೆ. ಇಬ್ರೂ ಕೂಡಿ ಎಲಿ ಔಷಧ ಕುಡ್ಯೂಣು."

ಅಪ್ಪ ಎದ್ದ.

ಮೋತಿಯನ್ನು ಹೊಡೆದು ಸಾಯಿಸಲು ಬಂದವರನ್ನು ಅವರು ಬಿಡಲಿಲ್ಲ. ರಕ್ತ, ಜೊಲ್ಲು ಸಿಡಿಯುತ್ತದೆ, ಯಾರೂ ಹತ್ತಿರ ಹೋಗಬೇಡಿ ಎಂದರು. ಅದು ಮರುದಿನ ಸಂಜೆ ತಾನೇ ಸತ್ತಿತು. ಗಾಡಿ ಇಳಿದು ಬಂದ ಸಾಹೇಬರು ನಿಂತು ಆಳವಾಗಿ ಗುಂಡಿ ತೋಡಿಸಿ, ಸುಣ್ಣ ಹಾಕಿ ಹೂಳಿಸಿದರು.

ಆಗಿನ ಸೂಜಿ ಈಗಿನ ಹಾಗೆ ತೋಳಿಗೆ ನಾಲ್ಕೈದು ಅಲ್ಲ. ಹೊಕ್ಕಳ ಸುತ್ತ ಹದಿನಾಲ್ಕು, ದಿನಕ್ಕೊಂದು. ದಿನಾ ಬೆಳಿಗ್ಗೆ ಇಬ್ಬರೂ ಪ್ಯಾಸೆಂಜರ್ ಗಾಡಿಗೆ ಹೋಗುತ್ತಿದ್ದರು. ಯಾರು ಮೊದಲು ಮೇಜಿನ ಮೇಲೆ ಮಲಗಬೇಕು ಅಂತ ಗಾಡಿಯಲ್ಲೇ ಜಗಳವಂತೆ. ಸಾಹೇಬರು ಎದುರು ಸೀಟಿನವರ ಮೇಕೆಯ ತುಟಿ ಎತ್ತಿ ಹಲ್ಲು ನೋಡಿ ಬೈಸಿಕೊಂಡರಂತೆ. ಅಪ್ಪ ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಇದನ್ನೆಲ್ಲ ಹೇಳಿ ನಗುತ್ತಿದ್ದ. ನಾನು ನಗುತ್ತಿರಲಿಲ್ಲ. ಯಾರೂ ಗಮನಿಸಲಿಲ್ಲ.

ಅರ್ಧ ಸೂಜಿ ಮುಗಿದ ಮೇಲೆ ಒಂದು ಬೆಳಿಗ್ಗೆ ಸಾಹೇಬರು ಸ್ಟೇಷನ್ನಿಗೆ ಬರಲಿಲ್ಲ. ಅಪ್ಪ ಕ್ವಾರ್ಟರ್ಸಿಗೆ ಓಡಿದ. ಜ್ವರ, ತಲೆನೋವು, ಎರಡು ಕಾಲೂ ಏಳುತ್ತಿಲ್ಲ. ಜೀಪಿನಲ್ಲಿ ಹಾಕಿಕೊಂಡು ಕಲಬುರ್ಗಿಗೆ ಒಯ್ದರು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಸೂಜಿ ಸಾವಿರಾರು ಜನರಲ್ಲಿ ಎಲ್ಲೋ ಒಬ್ಬರಿಗೆ ಹೀಗೆ ನರಕ್ಕೆ ಹೊಡೆಯುತ್ತಿತ್ತು. ಅವರ ಸೂಜಿ ಅಲ್ಲಿಗೇ ನಿಲ್ಲಿಸಿದರು.

ಅವ್ವ ಬುತ್ತಿ ಕಟ್ಟಿ ನನ್ನನ್ನೂ ಅಪ್ಪನ ಜೊತೆ ದವಾಖಾನೆಗೆ ಕಳಿಸಿದಳು. ಅಪ್ಪ ಬುತ್ತಿಯನ್ನು ಹಾಸಿಗೆಯ ಪಕ್ಕ ಇಟ್ಟ.

"ಸಾಹೇಬ್ರ, ನಾ ಇನ್ನು ತಗೊಳ್ಳಂಗಿಲ್ಲ. ನನಗೂ ಕಾಲು ಹೋದ್ರ ಖಣಿಯಾಗ ಏನು ಮಾಡ್ಲಿ?"

"ತಗೋ. ನಿಂದು ಬಿಡಂಗಿಲ್ಲ."

"ನಿಮ್ದು ಅರ್ಧಕ್ಕ ನಿಂತದ. ನಿಮಗ ಹುಚ್ಚು ಬಂದ್ರ?"

"ನನಗ ಬರಂಗಿಲ್ಲ."

"ಹೆಂಗ್ ಹೇಳ್ತೀರಿ?"

ಹಾಸಿಗೆಯ ಮೇಲಿಂದ ಅವರು ಮೊದಲ ಸಲ ನನ್ನ ಕಡೆ ನೋಡಿದರು. ನೋಡಿ ಮತ್ತೆ ಅಪ್ಪನ ಕಡೆ ತಿರುಗಿದರು. "ಡಾಕ್ಟರ್ ಯಾರು? ನೀ ಏನು, ನಾ ಏನು? ನಡಿ, ಇವತ್ತಿನ ಸೂಜಿ ಹಾಕ್ಸ್ಕೊಂಡು ಬಾ. ನೀ ಈಗ ಬಿಟ್ಟಿ ಅಂದ್ರ ನಾ ಇಲ್ಲಿ ಮಲಗಿದ್ದು ಯಾತಕ್ಕೂ ಬರಂಗಿಲ್ಲ."

ಅಪ್ಪ ಹೋದ. ಒಬ್ಬನೇ ಹೋಗಿ ಮೇಜಿನ ಮೇಲೆ ಮಲಗಿದ. ಉಳಿದ ಸೂಜಿಗಳನ್ನೆಲ್ಲ ಒಬ್ಬನೇ ಗಾಡಿಯಲ್ಲಿ ಹೋಗಿ ಹಾಕಿಸಿಕೊಂಡು ಬಂದ. ಅವನಿಗೆ ಏನೂ ಆಗಲಿಲ್ಲ. ಖಣಿ ಕೆಲಸ ಮುಗಿಸಿ, ನನ್ನ ಮದುವೆ ಮಾಡಿ, ಮೊಮ್ಮಕ್ಕಳನ್ನು ಬೈದು, ಮುದುಕನಾಗಿ ಹಾಸಿಗೆಯಲ್ಲಿ ಸತ್ತ.

ಸಾಹೇಬರು ಮಳೆಗಾಲದ ಹೊತ್ತಿಗೆ ಕೋಲು ಹಿಡಿದು ದವಾಖಾನೆಗೆ ಬಂದರು. ಬಲಗಾಲು ಸರಿಯಾಯಿತು. ಎಡಗಾಲು ನೆಲ ಸವರಿಕೊಂಡು ಬರುತ್ತಿತ್ತು, ಅದು ಹಾಗೇ ಉಳಿಯಿತು. ಮತ್ತೆ ಯಾವತ್ತೂ ಅವರು ಜನರ ಮುಂದೆ ನಾಯಿಯ ಬಾಯಿಗೆ ಕೈ ಹಾಕಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನೋಡಲು ನಿಂತ ಹುಡುಗರನ್ನು ಕೋಲು ಎತ್ತಿ ಓಡಿಸುತ್ತಿದ್ದರು. ಡಾಕ್ಟರಿಗೆ ಕಾಲು ಹೋದ ಮೇಲೆ ಸಿಟ್ಟು ಜಾಸ್ತಿಯಾಗಿದೆ ಅಂತ ಊರವರು ಅಂದುಕೊಂಡರು. ಒಂದೆರಡು ವರ್ಷಕ್ಕೆ ಸೇಡಂಗೆ ವರ್ಗವಾಯಿತು, ಅಲ್ಲಿಂದ ಎಲ್ಲೆಲ್ಲಿಗೋ.

ಅಪ್ಪನಿಗೆ ಒಂದು ಭಯ ಉಳಿದುಬಿಟ್ಟಿತು. ಸೇಡಂನಿಂದ ಯಾರೇ ಬಂದರೂ, "ನಮ್ ದನದ ಡಾಕ್ಟರ್ ಆರಾಮ ಇದ್ದಾರೇನ್ರಿ? ನೀರು ಕುಡೀತಾರೇನ್ರಿ?" ಎಂದು ಕೇಳುತ್ತಿದ್ದ. ಅರ್ಧ ಸೂಜಿಯ ಮನುಷ್ಯನಿಗೆ ಎಂದಾದರೂ ನೀರಿಗೆ ಹೆದರುವ ಆ ಹುಚ್ಚು ಎದ್ದೇ ಏಳುತ್ತದೆ ಅಂತ ಅವನ ಲೆಕ್ಕ. ವರ್ಷಗಟ್ಟಲೆ ಕೇಳಿದ. ಒಮ್ಮೆ, ನಾನು ಬಾಣಂತನಕ್ಕೆ ತವರಿಗೆ ಬಂದಾಗ, ಮಗುವನ್ನು ಆಡಿಸುತ್ತ ಕೂತವನು ತಲೆ ಎತ್ತದೆ ಕೇಳಿದ.

"ಅವತ್ತು ಅವ್ರು ಖರೇನೇ ಕೈ ಹಾಕಿದ್ರೇನಬೇ?"

ನಿಜ ಹೇಳಿದ್ದರೆ ಅವನ ಆ ಭಯ ಹೋಗುತ್ತಿತ್ತು. ಅದರ ಜಾಗಕ್ಕೆ, ಬರೀ ಅವನ ಸಲುವಾಗಿ ಹೋದ ಆ ಕಾಲು ಬಂದು ಕೂಡುತ್ತಿತ್ತು.

"ಹ್ಞೂಂ ಅಪ್ಪ" ಅಂದೆ, ಎರಡನೆಯ ಸಲ.

ಅವನು ಮತ್ತೆ ಕೇಳಲಿಲ್ಲ. ನಂಬಿದನೋ ಇಲ್ಲವೋ ಗೊತ್ತಿಲ್ಲ. ಸೇಡಂನವರನ್ನು ಕೇಳುವುದನ್ನು ಮಾತ್ರ ಬಿಡಲಿಲ್ಲ.

ಈಗ ಅಪ್ಪ ಇಲ್ಲ. ಅವ್ವ ಇಲ್ಲ. ಸಾಹೇಬರೂ ಹೋದರು. ಸುದ್ದಿಯ ಜೊತೆ ಯಾರೋ ಒಂದು ಫೋಟೋ ಹಾಕಿದ್ದರು, ಕುರ್ಚಿಯಲ್ಲಿ ಕೂತ ಮುದುಕ, ಬಾಯಲ್ಲಿ ಒಂದೂ ಹಲ್ಲಿಲ್ಲ. ಕೆಳಗೆ ಒಬ್ಬರು ಬರೆದಿದ್ದರು: ಚಿಕ್ಕಂದಿನಲ್ಲಿ ಪೋಲಿಯೋ ಆಗಿದ್ದರೂ ಕುಂಟು ಕಾಲಿನಲ್ಲೇ ಹಳ್ಳಿ ಹಳ್ಳಿ ಸುತ್ತಿ ಸೇವೆ ಮಾಡಿದರು. ಇನ್ನೊಬ್ಬರು, ಎತ್ತು ಒದ್ದು ಹಾಗಾದದ್ದು ಅಂತ ಅವರೇ ಹೇಳಿದ್ದರು ಎಂದಿದ್ದರು. ನಾನು ಅದನ್ನು ಎರಡು ಸಲ ಓದಿದೆ. ಓದಿ ಬೇಳೆ ಆರಿಸಿದೆ.

ಸೇಡಂ, ಚಿತ್ತಾಪುರ, ಚಿಂಚೋಳಿ, ಆಡಕಿ, ತೆಂಗಳಿ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಉಪಕಾರ ಮಾಡಿ. ನಿಮ್ಮ ಮನೆಯ ನಾಯಿಯ ತುಟಿಯನ್ನೋ ಬೆಕ್ಕಿನ ತುಟಿಯನ್ನೋ ಅವರು ಎತ್ತಿ ನೋಡಿದ್ದರೆ ಕೆಳಗೆ ಬರೆಯಿರಿ. ಬೈದಿದ್ದರೆ ಏನಂತ ಬೈದರು ಅಂತಲೂ ಬರೆಯಿರಿ. ಮುಖ್ಯವಾಗಿ, ಆ ಕಾಲಿಗೆ ಏನಾಯಿತು ಎಂದು ನೀವು ಕೇಳಿದ್ದರೆ, ನಿಮಗೆ ಅವರು ಏನು ಹೇಳಿದ್ದರು? ಪೋಲಿಯೋ, ಎತ್ತು, ಸೈಕಲ್ಲು, ಏನೇ ಇರಲಿ, ಹೇಳಿದ್ದನ್ನು ಹಾಗೇ ಬರೆಯಿರಿ. ನಿಮ್ಮಲ್ಲಿ ಒಬ್ಬರಿಗಾದರೂ ಅವರು ನಿಜ ಹೇಳಿದ್ದರೋ ಇಲ್ಲವೋ, ನನಗೆ ಅಷ್ಟು ಗೊತ್ತಾಗಬೇಕು.